ಭೀಮವ್ವ ಕೊಯ್ದ ಕಿಟಕಿ

ಮೊನ್ನೆ ಹೊಸ ಫ್ರಿಜ್ಜಿನ ಪೆಟ್ಟಿಗೆ ಒಡೆದಾಗ ಥರ್ಮಾಕೋಲಿನ ಬಿಳಿ ಕಾಳು ನೆಲದ ತುಂಬ ಹರಡಿತು. ಗುಡಿಸಲು ಹೋದರೆ ಪೊರಕೆಗೇ ಅಂಟಿಕೊಳ್ಳುವ ಅದರ ಉಪದ್ರವ ನಿಮಗೂ ಗೊತ್ತಿರುತ್ತದೆ. ನನಗೆ ಅದನ್ನು ಕಂಡರೆ ನೆನಪಾಗುವವಳು ಭೀಮವ್ವ.

ಹೈದರಾಬಾದಿನ ಹೊರಗೆ ಬಂಡೆ ಒಡೆದು ಐಟಿ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಬಂದವರಿಗೆಲ್ಲ ಮನೆ ಸಾಲದು. ಮೈಸೂರಿನಿಂದ ಹೋದ ನಾನು ಕೂಕಟ್‌ಪಲ್ಲಿಯ ಫ್ಲಾಟೊಂದರಲ್ಲಿ ಇನ್ನೈದು ಜನರೊಂದಿಗಿದ್ದೆ, ಸ್ನಾನಕ್ಕೂ ಸರದಿ. ಕಟ್ಟಡ ಕಟ್ಟುವ ಕೂಲಿಗಳಂತೂ ಟಾರ್ಪಾಲಿನ ಕೆಳಗಿದ್ದರು. ಅವರಿಗಾಗಿ ನಮ್ಮ ಕಂಪನಿ ಸಿದ್ಧ ಕೋಣೆಗಳನ್ನು ತಂದಿತು. ಎರಡು ತಗಡುಗಳ ನಡುವೆ ಥರ್ಮಾಕೋಲ್ ತುಂಬಿದ ಗೋಡೆಗಳು ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತಿದ್ದವು. ಬೋಲ್ಟು ಬಿಗಿದರೆ ಅರ್ಧ ದಿನದಲ್ಲಿ ಮನೆ. ಬಿಗಿಸುವ ಇಂಜಿನಿಯರ್ ನಾನು. ದೇಶದ ವಸತಿ ಸಮಸ್ಯೆಯನ್ನು ಒಬ್ಬನೇ ಬಗೆಹರಿಸುತ್ತಿರುವವನ ಹಾಗೆ ಓಡಾಡುತ್ತಿದ್ದೆ.

ಅಂಥದೊಂದು ಕೋಣೆಯಲ್ಲಿದ್ದ ಭೀಮವ್ವ ಯಾದಗಿರಿ ಕಡೆಯವಳು. ಅವಳೂ ಗಂಡನೂ ಕೆಲಸಕ್ಕೆ ಹೋದರೆ ಕಣ್ಣು ಮಂಜಾದ ಅತ್ತೆ ಹಗಲೆಲ್ಲ ಕೋಣೆಯಲ್ಲಿ ಒಬ್ಬಳೇ. ಬೇಸಿಗೆ ಏರಿದಾಗ ಭೀಮವ್ವ ನನ್ನನ್ನು ತಡೆದು ನಿಲ್ಲಿಸಿದಳು.

"ಸರ, ಹಿಂದಿನ ಗ್ವಾಡ್ಯಾಗ ಒಂದು ಕಿಡಕಿ ಮಾಡಿಕೊಡ್ರಿ. ಮುದುಕಿಗಿ ಉಸಿರಾಡಾಕ ಆಗವಲ್ದು."

"ಫ್ಯಾಕ್ಟರಿ ಗೋಡೆಯಮ್ಮ ಇದು, ಕೊರೆಯುವ ಹಾಗಿಲ್ಲ. ನಕ್ಷೆಯಲ್ಲಿ ಕಿಟಕಿ ಇಲ್ಲ."

"ನಕ್ಷಾ ಬರದವ್ರು ಒಳಗ ಮಲಗಿ ನೋಡ್ಯಾರೇನ್ರಿ?"

ನಕ್ಕು ಮುಂದೆ ಹೋದೆ.

ವಾರದೊಳಗೆ ಆ ಗೋಡೆಯಲ್ಲಿ ಮೊಳದಗಲದ ಕಿಂಡಿ ಬಿದ್ದಿತ್ತು. ಕಬ್ಬಿಣ ಕೊಯ್ಯುವ ಗರಗಸದಿಂದ ಅವಳೇ ಕೊಯ್ದಿದ್ದಳು. ಸುತ್ತ ಬಿಳಿ ಕಾಳು. ಮ್ಯಾನೇಜರು ಕೆಂಡವಾದರು. ಕೋಣೆ ಖಾಲಿ ಮಾಡಿಸುವ ನೋಟಿಸು ನನ್ನ ಕೈಗೆ ಬಂತು.

ಮಧ್ಯಾಹ್ನ ಕೊಡಲು ಹೋದೆ. ಕಿಂಡಿಯ ಕೆಳಗೆ ಮುದುಕಿ ಒಬ್ಬಳೇ ಕೂತಿದ್ದಳು. "ಯಾರಪಾ? ಕುಂದ್ರು ಬಾ. ಹೊರಗ ಬಿಸಲು ಭಾಳ ಐತಿ."

ಕೂತೆ. ಗಾಳಿ ಬರುತ್ತಿತ್ತು. ಏನನ್ನಿಸಿತೋ, ಎದ್ದು ಪಕ್ಕದ ಖಾಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಐದು ನಿಮಿಷಕ್ಕೆ ಅಂಗಿ ತೊಯ್ದು ಉಸಿರು ಕಟ್ಟಿತು. ಅಷ್ಟು ಕೋಣೆ ಬಿಗಿಸಿದವನು ಅದುವರೆಗೆ ಒಂದರಲ್ಲೂ ಕೂತಿರಲಿಲ್ಲ.

ನೋಟಿಸು ಜೇಬಿನಲ್ಲೇ ಉಳಿಯಿತು. ಮ್ಯಾನೇಜರ ಎದುರು, "ಕಿಟಕಿ ನಾನೇ ಮಾಡಿಸಿದ್ದು, ಮಾದರಿಗೆ" ಎಂದು ಸುಳ್ಳು ಹೇಳಿದೆ. "ಹಾಗಾದರೆ ನಕ್ಷೆ ತೋರಿಸು" ಎಂದರು. ಸಂಜೆ ಬರೆಯಲು ಕೂತಾಗ ಎತ್ತರ ಎಷ್ಟಿರಲೆಂದು ಭೀಮವ್ವನನ್ನೇ ಕೇಳಿದೆ.

"ಕುಂತ್ರ ಮಾರಿಗಿ ಗಾಳಿ ಬಡೀಬೇಕ್ರಿ, ಅಷ್ಟ."

ಮುಂದಿನ ಲಾರಿಯ ಗೋಡೆಗಳು ಕಿಟಕಿಯೊಂದಿಗೇ ಬಂದವು. ಶಹಬ್ಬಾಸ್‌ಗಿರಿ ಮ್ಯಾನೇಜರಿಗೆ ಹೋಯಿತು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ನೀವು ನಂಬಬೇಡಿ.

ಕಟ್ಟಡ ಮುಗಿದಾಗ ಕೋಣೆಗಳನ್ನು ಬಿಚ್ಚಿ ಲಾರಿಗೆ ಹೇರಿದರು. ಅತ್ತೆಯ ಕೈಹಿಡಿದು ನಿಂತ ಭೀಮವ್ವ ಕೇಳಿದಳು: "ನನ್ನ ಕಿಡಕಿ ಯಾವ ಊರಿಗಿ ಹೊಂಟೈತ್ರಿ ಸರ?" ಅವರು ಸಿಕಂದರಾಬಾದಿನಲ್ಲಿ ರೈಲು ಹತ್ತಿದರು, ಮತ್ತೆ ಕಾಣಲಿಲ್ಲ.

ನಾನು ಇವತ್ತಿಗೂ ಅದೇ ಕಸುಬಿನಲ್ಲಿದ್ದೇನೆ. ಈ ಬೆಳಿಗ್ಗೆ ನಾನ್ನೂರು ಕೋಣೆಗಳ ನಕ್ಷೆ ಸಹಿಗೆ ಬಂತು. ಮಾದರಿ ಕೋಣೆ ಅಂಗಳದಲ್ಲಿ ನಿಂತಿದೆ. "ಬರೀ ಒಂದು ಸಹಿ ಸರ್" ಎಂದು ಅವಸರಪಡಿಸಿದರು. ಅದರೊಳಗೆ ಕುರ್ಚಿ ಬೇಡ, ಚಾಪೆ ಹಾಸಿ ಎಂದಿದ್ದೇನೆ. ಬಿಸಿಲು ನೆತ್ತಿಗೇರುವುದನ್ನು ಕಾಯುತ್ತಿದ್ದೇನೆ.