ಸಣ್ಣವ್ವ ಮಗಳನ್ನು ಕರೆಯಲು ಲೇಹ್‌ಗೆ ಹೋದದ್ದು

ನಮ್ಮ ಸಣ್ಣವ್ವ ಹಟಕ್ಕೆ ಬಿದ್ದರೆ ಅವಳನ್ನು ತಡೆಯುವ ಗಂಡಸು ಕಲಘಟಗಿಯಲ್ಲಿ ಹುಟ್ಟಿರಲಿಲ್ಲ. ಅವಳ ಗಂಡ ಗುಡದಪ್ಪನಂತೂ ಆ ಪ್ರಯತ್ನವನ್ನು ಮದುವೆಯಾದ ವರ್ಷವೇ ಬಿಟ್ಟಿದ್ದ. ಹೆಸರು ಸಣ್ಣವ್ವ ಆದರೂ ನಮ್ಮವ್ವನ ಅಕ್ಕ, ಹಾಗಾಗಿ ನನಗೆ ದೊಡ್ಡವ್ವ. ೧೯೮೬ರಲ್ಲಿ, ಗಣಪತಿ ಹಬ್ಬ ಮುಗಿದ ಮೇಲೆ, ಲೇಹ್‌ಗೆ ಹೋಗುತ್ತೇನೆಂದು ಅವಳು ಹಟ ಹಿಡಿದಳು.

ಲೇಹ್ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿ ದಾಟಿ ಹೋಗಬೇಕು, ಚಳಿ ಬಹಳ, ಅಷ್ಟು ಗೊತ್ತಿತ್ತು. ಅಳಿಯ ಹುಲಿಗೆಪ್ಪ ಧಾರವಾಡದ ಆಕಾಶವಾಣಿಯಲ್ಲಿ ಟೆಕ್ನಿಶಿಯನ್ ಆಗಿದ್ದವನು ಅಲ್ಲಿಗೆ ವರ್ಗವಾಗಿ, ಹೆಂಡತಿ ರೇಣುಕಾಳನ್ನೂ ಕರೆದುಕೊಂಡು ಹೋಗಿದ್ದ. ರೇಣುಕಾ ದೊಡ್ಡವ್ವನಿಗೆ ಒಬ್ಬಳೇ ಮಗಳು. ಆಗ ಬಸುರಿ, ಅದು ಮೂರನೆಯದು. ಮೊದಲೆರಡು ಸಲವೂ ತವರಿಗೆ ಬಂದು, ದೊಡ್ಡವ್ವನ ನಡುಮನೆಯ ಬಾಜುವಿನ ಖೋಲಿಯಲ್ಲಿ ಹೆತ್ತಿದ್ದಳು. ಎರಡೂ ಕೂಸು ಸತ್ತೇ ಹುಟ್ಟಿದವು. ಈ ಸಲ ತವರಿಗೆ ಬರುವುದಿಲ್ಲ, ಇಲ್ಲಿಯ ಆಸ್ಪತ್ರೆಯಲ್ಲೇ ಹೆರುತ್ತೇನೆ ಎಂದು ಹೇಳಿ ಕಳಿಸಿದ್ದಳು.

ದೊಡ್ಡವ್ವನಿಗೆ ಬೆಂಕಿ ಹತ್ತಿತು. ‘ಬರಂಗಿಲ್ಲಂತ! ಯಾಕ, ತವರಮನಿ ಸುಟ್ಟು ಹೋಗೇತೇನು? ಖೋಲಿಗೆ ಸುಣ್ಣಾ ಹಚ್ಚಿಸೇನಿ, ಹೊಸಾ ಬಾಗಲಾ ಕುಂದ್ರಿಸೇನಿ. ಏನಂತ ತಿಳಕೊಂಡಾಳ ಆಕಿ?’

ತಾನೇ ಲೇಹ್‌ಗೆ ಹೋಗಿ, ಕುಬಸ ಮಾಡಿ ಕರೆತರುತ್ತೇನೆಂದು ಹೊರಟಳು. ಆದರೆ ಕುಬಸ ಮಾಡುವುದು ಚೊಚ್ಚಲ ಬಸುರಿಗೆ. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಒಯ್ದು, ಉಡಿ ತುಂಬಿ, ಮಗಳನ್ನು ಹೆರಿಗೆಗೆ ಕರೆತರುತ್ತಾರೆ. ಮೂರನೆಯದಕ್ಕೆ ಯಾರು ಕುಬಸ ಮಾಡುತ್ತಾರೆ ಎಂದು ನಾನು ಕೇಳಿದೆ. ‘ಕೂಸು ಉಳೀಲಾರದ ಬಾಣಂತನ ಲೆಕ್ಕಕ್ಕ ಬರೂದಿಲ್ಲ. ಇದ ಚೊಚ್ಚಲ’ ಎಂದು ನನ್ನ ಬಾಯಿ ಮುಚ್ಚಿಸಿದಳು. ಸಿಟ್ಟಿನ ಕೆಳಗೆ ಇದ್ದದ್ದು ಬೇರೆ. ಓಣಿಯ ಹೆಂಗಸರು ‘ಸಣ್ಣವ್ವನ ಕೈಗುಣ ಸರಿಯಿಲ್ಲ’ ಎಂದು ಆಡಿಕೊಳ್ಳುತ್ತಿದ್ದರು. ಮಗಳೂ ಹಾಗೇ ತಿಳಿದಿದ್ದಾಳೆಯೇ ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು. ಅದನ್ನು ಮಗಳ ಮುಖ ನೋಡಿ ಕೇಳಬೇಕಾಗಿತ್ತು.

ಹಿಂದಿ ಬರುತ್ತದೆಂದು ನನ್ನನ್ನು ಜೊತೆಗೆ ಎಳೆದಳು. ಕಲಘಟಗಿ ಶಾಲೆಯಲ್ಲಿ ನಾನು ಹಿಂದಿ ಕಲಿಸುವ ಅಕ್ಕೋರು, ನಿಜ. ಆದರೆ ನನ್ನದು ಪುಸ್ತಕದ ಹಿಂದಿ, ರೈಲಿನಲ್ಲಿ ಜಾಗಕ್ಕಾಗಿ ಜಗಳಾಡುವ ಹಿಂದಿಯಲ್ಲ. ಮೀರಜದಲ್ಲಿ ಗಾಡಿ ಬದಲಿಸಿ, ಪುಣೆಯಲ್ಲಿ ಜಮ್ಮುವಿನ ಗಾಡಿ ಹತ್ತಿದೆವು. ಕಟಿ ರೊಟ್ಟಿ, ಶೇಂಗಾ ಹೋಳಿಗೆ, ಕೊಬ್ಬರಿ, ಬೆಲ್ಲ ತುಂಬಿದ ಬಿದಿರು ಬುಟ್ಟಿ ದೊಡ್ಡವ್ವನ ತೊಡೆಯ ಮೇಲೆಯೇ. ಕುಬಸದ ಬುತ್ತಿ ಮಗಳ ಮನೆ ಮುಟ್ಟುವತನಕ ನೆಲಕ್ಕೆ ತಾಗಬಾರದಂತೆ. ದಿಲ್ಲಿಯ ಹತ್ತಿರ ಹತ್ತಿದ ಒಬ್ಬ ಬುಟ್ಟಿಯ ಮೇಲೆ ಮೊಣಕೈ ಊರಿದ. ‘ಏ ಮೂಳಾ, ನಿಮ್ಮವ್ವನ ಬುತ್ತಿ ಅಂತ ತಿಳದಿ ಏನ?’ ಎಂದು ಇವಳು ಕನ್ನಡದಲ್ಲೇ ಶುರು ಮಾಡಿದಳು. ಅವನಿಗೆ ಎಲ್ಲ ತಿಳಿದಂತೆ ಕಂಡಿತು, ಎದ್ದು ಬೇರೆ ಡಬ್ಬಿಗೆ ಹೋದ.

ಜಮ್ಮುವಿನಿಂದ ಶ್ರೀನಗರ, ಶ್ರೀನಗರದಿಂದ ಲೇಹ್, ಎರಡೂ ಬಸ್ಸು. ಝೋಜಿಲಾ ಎಂಬ ಘಟ್ಟ ಹತ್ತುವಾಗ ದಾರಿ ಬರೀ ರಾಡಿ, ಒಂದು ಬಾಜು ಗುಡ್ಡ, ಇನ್ನೊಂದು ಬಾಜು ಏನೂ ಇಲ್ಲ. ನಾನು ಕಣ್ಣು ಮುಚ್ಚಿ ಕುಳಿತೆ. ದೊಡ್ಡವ್ವ ಡ್ರೈವರನ ಬೆನ್ನ ಹಿಂದೆ ಕುಳಿತು, ‘ಸಾವಕಾಶ ಹೊಡಿಯಪಾ, ಬಸರಿ ಹೆಣ್ಮಗಳ ಕಡೆ ಹೊಂಟೇವಿ’ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಅವನು ‘ಹಾಂ ಮಾಜಿ, ಹಾಂ ಮಾಜಿ’ ಎನ್ನುತ್ತ ತನ್ನ ಮನಸ್ಸಿಗೆ ಬಂದಂತೆ ಹೊಡೆದ. ರಾತ್ರಿ ಕಾರ್ಗಿಲದಲ್ಲಿ ವಸ್ತಿ. ಮರುದಿನ ನೋಡಿದರೆ ಎತ್ತ ನೋಡಿದತ್ತ ಬೋಳು ಗುಡ್ಡ, ಗಿಡವಿಲ್ಲ, ಹುಲ್ಲಿಲ್ಲ.

‘ಇದೇನಬೇ ಅಕ್ಕೋರ, ಇಲ್ಲಿ ದನಾ ಏನ್ ತಿಂತಾವ?’ ಎಂದಳು. ನನಗೆ ತಲೆ ಸಿಡಿಯುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದವಳು ಕಿಟಕಿಯಿಂದ ಹೊರಗೆ ವಾಂತಿ ಮಾಡಿಕೊಂಡೆ. ‘ಕಲತವ್ರ ಹೊಟ್ಟಿ ಇಷ್ಟ!’ ಎಂದು ನಕ್ಕಳು.

ಲೇಹ್ ಮುಟ್ಟಿದಾಗ ರೇಣುಕಾ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಉದ್ದನೆಯ ಕೋಟು, ಕೆಂಪಡರಿದ ಗಲ್ಲ, ಮುಂದಕ್ಕೆ ಬಂದ ಹೊಟ್ಟೆ. ತಾಯಿ ಮಗಳು ತಬ್ಬಿಕೊಂಡು ಅತ್ತರು. ಹುಲಿಗೆಪ್ಪ ಪಾಪ, ಅಲ್ಲೇ ನಿಂತು ತಿಳಿಸಿ ಹೇಳಿದ. ‘ಅತ್ತೀ, ಇಲ್ಲಿ ಗಾಳಿ ಕಡಿಮಿ ಐತ್ರಿ. ಎರಡ ದಿವಸ ಹಾಸಗಿ ಬಿಟ್ಟು ಏಳಬ್ಯಾಡ್ರಿ. ನೀರ ಮಾತ್ರ ಭಾಳ ಕುಡೀರಿ.’

‘ಹೂನಪಾ’ ಎಂದಳು. ಮನೆ ಮುಟ್ಟಿದ ಮೇಲೆ ಅವಳದೇ ಕಾರಭಾರ. ಮಗಳ ಮನೆಗೆ ಬಂದು ಮಲಗಿದರೆ ನೋಡಿದವರು ಏನೆಂದಾರು! ಜೊತೆಗೆ ಇನ್ನೊಂದು. ಮಗಳಿಗೆ ಕೂಸು ಹುಟ್ಟುವತನಕ ಅವಳ ಮನೆಯ ಅನ್ನ ನೀರು ಮುಟ್ಟಬಾರದೆಂಬುದು ದೊಡ್ಡವ್ವನ ಅತ್ತೆಯ ಮನೆತನದ ರೂಢಿ. ರೇಣುಕಾ ಧಾರವಾಡದಲ್ಲಿದ್ದಾಗ ಇವಳು ಬಾಜು ಮನೆಯಲ್ಲಿ ನೀರು ಕುಡಿದು, ತಾನೇ ಒಯ್ದ ಬುತ್ತಿ ಉಂಡು ಬರುತ್ತಿದ್ದಳು. ಅದು ಧಾರವಾಡದಲ್ಲಿ ನಡೆಯಿತು. ಇಲ್ಲಿ ರೊಟ್ಟಿಯ ಚೂರನ್ನು ಒಣ ಬಾಯಲ್ಲೇ ನುಂಗಿದಳು. ಮಗಳು ಲೋಟ ಹಿಡಿದು ಬೆನ್ನು ಹತ್ತಿದರೆ ‘ಆಮ್ಯಾಲ’ ಎಂದಳು. ನಾನು ತಲೆಗೆ ಅರಿವೆ ಬಿಗಿದುಕೊಂಡು ಮೂಲೆಯಲ್ಲಿ ಬಿದ್ದಿದ್ದೆ, ಕಂಡರೂ ಕುಡಿ ಎನ್ನುವ ತ್ರಾಣ ನನಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು, ಕೈ ಕೊರೆಯುವ ತಣ್ಣೀರನ್ನು ತಲೆಯ ಮೇಲೆ ಹೊಯ್ದುಕೊಂಡಳು. ಕುಬಸಕ್ಕೆ ಮಡಿ ಬೇಕಲ್ಲ! ರೇಣುಕಾಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿದಳು. ಬಾಜು ಮನೆಯ ಲಡಾಖಿ ಹೆಂಗಸರು ಬಂದು ನಗುತ್ತ ಕುಳಿತರು, ಹೋಳಿಗೆ ತಿಂದರು. ಆರತಿ ಎತ್ತುತ್ತ ದೊಡ್ಡವ್ವ ಏದುಸಿರಿನಲ್ಲೇ ಮಾತು ತೆಗೆದಳು.

‘ಇನ್ನ ಊರಿಗೆ ಹೋಗೂಣು. ಇಮಾನದ ಟಿಕೀಟ ತಗಸಂತ ನಿನ್ನ ಗಂಡಗ ಹೇಳೇನಿ. ನಾನೂ ಕುಂಡರ್ತೀನಿ ಅದರಾಗ, ಏನಾದ್ರೂ ಆಗ್ಲಿ.’

‘ನಾ ಬರಂಗಿಲ್ಲ ಯವ್ವಾ’ ಎಂದಳು ರೇಣುಕಾ.

ದೊಡ್ಡವ್ವ ಏನೋ ಹೇಳಲು ಹೋದಳು. ಆರತಿ ತಟ್ಟೆ ಕೈಯಿಂದ ಜಾರಿತು, ಅದರ ಹಿಂದೆ ಅವಳೂ ಬಿದ್ದಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ನೀಲಿಯಾಗಿತ್ತು. ಹುಲಿಗೆಪ್ಪ ಆಫೀಸಿನ ಜೀಪು ತಂದು ಆಸ್ಪತ್ರೆಗೆ ಒಯ್ದ. ಮೂಗಿಗೆ ಆಕ್ಸಿಜನ್ ಹಚ್ಚಿದ ಮೇಲೆ ಡಾಕ್ಟರು, ಈಕೆ ಬಂದಾಗಿನಿಂದ ಎಷ್ಟು ನೀರು ಕುಡಿದಿದ್ದಾಳೆ ಎಂದು ನನ್ನನ್ನು ಕೇಳಿದರು. ಒಂದು ಗುಟುಕೂ ಇಲ್ಲ ಎಂದೆ. ಅವರು ಬೈದದ್ದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಧೈರ್ಯ ನನಗೆ ಆಗಲಿಲ್ಲ.

ಬಾಣಂತನ ಮಾಡಲು ಬಂದವಳು ಮಂಚದ ಮೇಲೆ, ಏಳು ತಿಂಗಳ ಬಸುರಿ ಸ್ಟೂಲಿನ ಮೇಲೆ. ಕಣ್ಣು ತೆರೆದ ದೊಡ್ಡವ್ವನ ತುಟಿಗೆ ರೇಣುಕಾ ಚಮಚದಿಂದ ನೀರು ಹಿಡಿದಳು. ಆಸ್ಪತ್ರೆಯ ನೀರಾದರೂ ಮನೆಯಿಂದ ತಂದದ್ದಿರಬಹುದೆಂದು ಈಕೆ ಮುಖ ಆಚೆ ತಿರುವಿದಳು. ಆಗ ರೇಣುಕಾಳಿಗೆ ಸಿಟ್ಟು ನೆತ್ತಿಗೇರಿತು. ಅವಳೂ ಇವಳ ಮಗಳೇ ಅಲ್ಲವೇ!

‘ಕುಡೀಬ್ಯಾಡ. ಎರಡ ಕೂಸು ಹೋದಾವು, ಈಗ ನೀನೂ ಹೋಗು. ನಾನೊಬ್ಬಾಕಿ ಇಲ್ಲಿ ಗುಡ್ಡಾ ನೋಡಕೋತ ಕುಂಡರ್ತೀನಿ!’

ದೊಡ್ಡವ್ವ ಬಾಯಿ ತೆರೆದಳು. ಒಂದು ಲೋಟ ಮುಗಿಯಿತು, ಇನ್ನೊಂದನ್ನೂ ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ, ಊರಿನಿಂದ ಹೊತ್ತು ತಂದ ಮಾತನ್ನು ಕೇಳಿಯೇ ಬಿಟ್ಟಳು. ‘ಖರೇ ಹೇಳು ರೇಣಿ. ನನ್ನ ಕೈಗುಣ ಛಲೋ ಇಲ್ಲಂತನ ಬರಾಕ ಒಲ್ಲಿ, ಹೌದಲ್ಲೋ?’

‘ಯಾರ ಹೇಳಿದ್ರ ನಿನಗ? ನಿನ್ನ ಕೈ ಅಲ್ಲಬೇ, ಆ ಖೋಲಿ. ಎರಡ ಸಲ ಅದರಾಗ ಹಾಲ ಕಟ್ಟಿಕೊಂಡು, ಬಾಜು ಕೂಸಿಲ್ದ ಮಲಗೇನಿ. ಬಾಗಲಾ ಬದಲಿ ಮಾಡಿದ್ರ ನನಗ ಮರತು ಹೋಕ್ಕೈತೇನು? ಇನ್ನೊಮ್ಮಿ ಅಲ್ಲಿ ಮಲಗಂದ್ರ ನನಗ ಹುಚ್ಚ ಹಿಡೀತೈತಿ.’ ಲೋಟ ಕೆಳಗಿಟ್ಟಳು. ‘ನೀ ಇಲ್ದ ಹಡ್ಯಾಕ ನನಗೂ ಅಂಜಿಕಿ ಐತಿ. ಆದ್ರ ಇಷ್ಟ ದೂರ ಬಾ ಅಂತ ನಿನಗ ಯಾವ ಬಾಯಿಲೆ ಕರೀಲಿ?’

ದೊಡ್ಡವ್ವ ಮಗಳ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ‘ಅಕ್ಕೋರ, ನೀ ಒಬ್ಬಾಕಿ ಊರಿಗೆ ಹೋಗ್ತಿಯೇನ? ದಾರಿ ಗೊತ್ತಾತಲ್ಲ.’

‘ದೊಡ್ಡವ್ವಾ, ಭತ್ತದ ಸುಗ್ಗಿ ಬಂತು!’

‘ನಿಮ್ಮ ದೊಡ್ಡಪ್ಪಗ ಎರಡ ಕೈ ಅದಾವು. ನಾ ಇಲ್ಲೇ ಇರಾಕಿ. ಈಕಿ ಇಲ್ಲೇ ಹಡೀಲಿ.’

ಡಾಕ್ಟರು ಮನೆಗೆ ಬಿಟ್ಟ ಮೇಲೆ, ಹಿಮ ಬಿದ್ದು ದಾರಿ ಮುಚ್ಚುವ ಮೊದಲು ನಾನು ಹೊರಟು ಬಂದೆ. ಕರೆಯಲು ಹೋದವಳು ತಾನೇ ಅಲ್ಲಿ ಉಳಿದಳೆಂದು ಓಣಿಯೆಲ್ಲ ನಗಾಡಿತು. ದೊಡ್ಡಪ್ಪ ಸುಗ್ಗಿ ಮಾಡಿದ, ಬೆರಳು ದಪ್ಪದ ರೊಟ್ಟಿ ಬಡಿದುಕೊಂಡು ತಿಂದ. ದಿನಾ ಸಂಜೆ ಮಾತ್ರ ಫೋನಿದ್ದ ಖಾಜಾಸಾಬನ ಕಿರಾಣಿ ಅಂಗಡಿಗೆ ಹೋಗಿ ಸುಮ್ಮನೆ ಕುಳಿತು ಬರುತ್ತಿದ್ದ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಖಾಜಾಸಾಬ ಶಾಲೆಗೇ ಓಡಿ ಬಂದ. ‘ಟ್ರಂಕ್ ಕಾಲ್ ಬುಕ್ ಆಗೇತ್ರಿ ಅಕ್ಕೋರ, ಲಗೂನ ಬರ್ರಿ.’ ನಾನು ಹೋದಾಗ ದೊಡ್ಡಪ್ಪ ಆಗಲೇ ಅಂಗಡಿಯಲ್ಲಿದ್ದ. ಗಂಟೆ ಹೊಡೆದದ್ದೇ ರಿಸೀವರನ್ನು ನನ್ನ ಕೈಗೆ ತುರುಕಿದ. ತಾನೇ ಕಿವಿಗೆ ಹಿಡಿಯುವ ಧೈರ್ಯ ಅವನಿಗೆ ಆಗಲಿಲ್ಲ.

ಗರಗರ ಸದ್ದಿನ ನಡುವೆ ದೊಡ್ಡವ್ವ ಒದರಿದಳು. ‘ಹೆಣ್ಣಬೇ, ಹೆಣ್ಣು! ಅತ್ತಳಬೇ! ಹುಟ್ಟಿದ ಕೂಡ್ಲೇ ಅತ್ತಳು, ಇನ್ನೂ ಅಳಾಕತ್ತಾಳ!’ ಅಷ್ಟಕ್ಕೆ ಲೈನು ಕಡಿಯಿತು.

‘ಏನಂತ?’ ಎಂದ ದೊಡ್ಡಪ್ಪ. ‘ಏನಂತಬೇ?’

‘ಅತ್ತಳಂತ ದೊಡ್ಡಪ್ಪ. ಇನ್ನೂ ಅಳಾಕತ್ತಾಳಂತ.’

‘ಅಳ್ಳಿ’ ಎಂದ. ‘ಅಳ್ಳಿ ಬಿಡು, ಯಾರೂ ಸುಮ್ಮ ಮಾಡಬ್ಯಾಡ್ರಿ’ ಎನ್ನುತ್ತ ಖಾಜಾಸಾಬನ ಜೋಳದ ಚೀಲದ ಮೇಲೆ ಕುಸಿದು ಕುಳಿತು, ತಾನೂ ಅಳತೊಡಗಿದ.