ಬೇಸ್ ಗಿಟಾರಿಗೆ ಪಳಗಿದ ಪೆಡಲು

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವರನ್ನು ಯಾರೂ ನೋಡುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಳೆದುಹೋದಂತೆ ತಿರುಗಿ ನೋಡುತ್ತಾರೆ. ವಾರವೆಲ್ಲ ಮಂಡ್ಯದ ಹೈಸ್ಕೂಲಿನಲ್ಲಿ “ಎಲ್ಲಾ ಇಲ್ಲಿ ನೋಡಿ” ಎಂದು ಗದರಿ ವಿಜ್ಞಾನ ಕಲಿಸುವ ನನಗೆ, ಬಿಡುವಿನಲ್ಲಿ ಯಾರ ಕಣ್ಣಿಗೂ ಬೀಳದೆ ದಪ್ಪ ತಂತಿ ಮೀಟುವುದೇ ದೊಡ್ಡ ವಿಶ್ರಾಂತಿ.

ಆ ವಿಶ್ರಾಂತಿಗೆ ಕುತ್ತು ತಂದದ್ದು ಒಂದು ಡಿಸ್ಟಾರ್ಷನ್ ಪೆಡಲು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿಯನ್ನು ಒರಟಾಗಿ ಗರ್ಜಿಸುವಂತೆ ಮಾಡುವ ಡಬ್ಬಿ ಅದು. ಲೀಡ್ ಗಿಟಾರಿನವರ ಸೊತ್ತು. ನನ್ನ ಬೇಸೂ ಒಮ್ಮೆ ಗರ್ಜಿಸಲಿ ಎಂಬ ಆಸೆಗೆ ಕೊಂಡು ತಂದೆ. ಬೆಸಗರಹಳ್ಳಿಯ ಆರತಕ್ಷತೆಯೊಂದರಲ್ಲಿ ಕುಣಿಯುವ ಹಾಡಿನ ನಡುವೆ ಒತ್ತಿಯೂಬಿಟ್ಟೆ. ಗರ್ಜನೆ ಎಲ್ಲಿ ಬಂತು? ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟಿತು. ದಪ್ಪ ದನಿ ಪೂರ್ತಿ ಮಾಯ. ಕುಣಿಯುತ್ತಿದ್ದ ಮದುಮಗನ ಗೆಳೆಯರು ಕರೆಂಟು ಹೋಯಿತೇನೋ ಎಂದು ದೀಪದ ಕಡೆ ನೋಡಿದರು.

ಮಾರನೆಯ ದಿನ ತಂಡದ ಯಜಮಾನ ಪುಟ್ಟರಾಜು ಮದ್ದೂರಿನಿಂದ ಫೋನು ಮಾಡಿದರು. ಲೀಡ್ ಗಿಟಾರೂ ಅವರದೇ. “ಮೇಡಮ್ಮೋರೆ, ಬೇಜಾರ್ ಮಾಡ್ಕಬೇಡಿ. ಮಳವಳ್ಳಿ ಪ್ರೋಗ್ರಾಮಿಗೆ ನಮ್ ಕೀಬೋರ್ಡ್ ಶಿವು ಎಡಗೈಲೇ ಬೇಸ್ ಬಾರಿಸ್ತಾನಂತೆ. ನೀವು ರೆಸ್ಟ್ ತಗಳಿ.”

ಇನ್ನೊಬ್ಬರ ಎಡಗೈಯಲ್ಲಿ ಮುಗಿದುಹೋಗುವಷ್ಟೇ ನನ್ನ ಕೆಲಸ? ಮೈ ಉರಿಯಿತು. “ಭಾನುವಾರ ಪ್ರಾಕ್ಟೀಸಿಗೆ ಬರ್ತೀನಿ. ಕೇಳಿ, ಆಮೇಲೆ ಹೇಳಿ” ಎಂದೆ.

ಪೆಡಲಿನ ಬೆನ್ನು ಬಿಚ್ಚಿ ಕೂತೆ. ರೋಗ ಸುಲಭವಾಗಿಯೇ ಸಿಕ್ಕಿತು. ದನಿ ಒಳಗೆ ಬರುವ ದಾರಿಯಲ್ಲಿ ಕೆಪಾಸಿಟರ್ ಎಂಬ ಕಡಲೆಕಾಳಿನಷ್ಟು ಸಾಮಾನಿರುತ್ತದೆ. ನಮ್ಮ ನಾಲೆಯ ತೂಬಿದ್ದ ಹಾಗೆ. ಕಿರಿದಾಗಿದ್ದರೆ ತೆಳು ದನಿ ನುಸುಳಿ ಬರುತ್ತದೆ, ದಪ್ಪ ದನಿ ಆಚೆಯೇ ಉಳಿಯುತ್ತದೆ. ಗಿಟಾರಿಗೆ ಅಷ್ಟೇ ಸಾಕು, ಮಾಡಿದವರ ತಪ್ಪೇನಿಲ್ಲ. ಅದನ್ನು ಕಿತ್ತು ದೊಡ್ಡ ಕೆಪಾಸಿಟರ್ ಬೆಸುಗೆ ಹಾಕಿದೆ. ದಪ್ಪ ದನಿಯೇನೋ ನುಗ್ಗಿ ಬಂತು, ಆದರೆ ನಾಟಿಯ ಗದ್ದೆಯಂತೆ ಎಲ್ಲ ಕಲಸಿ ಕೆಸರಾಯಿತು.

ಎಲ್ಲ ದನಿಯನ್ನೂ ಒರಟು ಮಾಡಲೇಬೇಕೆಂದು ಹೇಳಿದವರಾದರೂ ಯಾರು? ಬರುವ ದಾರಿಯಲ್ಲೇ ಕವಲು ಒಡೆದೆ. ಒಂದು ಕವಲು ಪೆಡಲಿನ ಗದ್ದಲದೊಳಗೆ ಹೊಕ್ಕು ಬರಲಿ, ಇನ್ನೊಂದು ಏನೂ ಸೋಂಕದೆ ಬಂದು ಕೊನೆಯಲ್ಲಿ ಕೂಡಿಕೊಳ್ಳಲಿ. ಯಾವುದು ಎಷ್ಟು ಬೆರೆಯಬೇಕೆಂದು ತಿರುಗಿಸಲು ಹೊಸದೊಂದು ನಾಬ್. ಅದಕ್ಕಾಗಿ ಡಬ್ಬಿಗೆ ತೂತು ಕೊರೆಯುವಾಗ ನನ್ನ ಗಂಡ ಇಣುಕಿ, “ವಾರಂಟಿ ಹೋಯ್ತದೆ ಕಣೇ” ಎಂದರು. “ಮಾನ ಉಳಿದ್ರೆ ಸಾಕು” ಎಂದೆ.

ದಪ್ಪ ದನಿಯನ್ನು ಸಂಗೀತದವರು ಮಂದ್ರ ಎನ್ನುತ್ತಾರೆ. ನನ್ನ ಪಠ್ಯಪುಸ್ತಕ ಕಡಿಮೆ ಆವೃತ್ತಿ ಎನ್ನುತ್ತದೆ. ಹೊಳಲು ಊರಿನ ನಮ್ಮ ಮನೆಯಲ್ಲಿ ನಮ್ಮತ್ತೆಗೆ ಅದು ಬರೀ ‘ಗುಮ್ಮು’. ಕಿವಿ ಮಂದವಾದ ಮೇಲೆ ಅವರಿಗೆ ಟೀವಿಯೂ ಕೇಳದು, ನನ್ನ ಬೈಗುಳವೂ ಕೇಳದು. ನಾನು ಬೇಸ್ ನುಡಿಸಿದರೆ ಮಾತ್ರ ಮಂಚದ ಪಟ್ಟಿಗೆ ಅಂಗೈ ಒತ್ತಿ ಕೂರುತ್ತಾರೆ. ಹೊಸ ನಾಬನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಅರ್ಧ ದಾಟುತ್ತಿದ್ದಂತೆ ಅತ್ತೆಯ ಮುಖ ಅರಳಿತು.

“ಆಂ, ಅಲ್ಲೇ ಬುಡು! ಈಗ ವಸಿ ಎದೆಗೂ ತಾಕ್ತದೆ ಕಣಮ್ಮಿ.”

ಭಾನುವಾರ ಮದ್ದೂರಿನಲ್ಲಿ ನಾನು ಯಾವ ಪೀಠಿಕೆಯೂ ಇಲ್ಲದೆ ಪೆಡಲು ಒತ್ತಿದೆ. ಮೇಲೆ ಗರ್ಜನೆ, ಅದರ ಕೆಳಗೆ ಅಲುಗಾಡದ ನಾದ. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಶಿವುವಿನ ಎಡಗೈ ತಾನಾಗಿಯೇ ಕೀಬೋರ್ಡಿನಿಂದೆದ್ದು ಕಾಫಿ ಲೋಟದ ಕಡೆ ಹೋಯಿತು. ಪುಟ್ಟರಾಜು ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು. “ಮಳವಳ್ಳಿಗೆ ವ್ಯಾನು ಮೂರ್ಗಂಟೆಗೆ ಬತ್ತದೆ, ರೆಡಿಯಾಗಿರಿ ಮೇಡಂ” ಎಂದಷ್ಟೇ ಹೇಳಿದರು.

ಮಳವಳ್ಳಿಯಲ್ಲಿ ಕುಣಿದವರು ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಷ್ಟು ಚೆನ್ನಾಗಿ ನುಡಿಸಿದ್ದೆ. ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಪುಟ್ಟರಾಜು ಹತ್ತಿರ ಬಂದು ಕೆಮ್ಮಿದರು.

“ನನ್ ಪೆಡಲಿಗೂ ಅಂಗೇ ಮಾಡ್ಕೊಡ್ತೀರಾ?”

“ನಿಮ್ಮದನ್ನ ನಿಮಗೆ ಅಂತಲೇ ಮಾಡವ್ರೆ, ಮುಟ್ಟಬೇಡಿ. ಕೆಳಗಡೆ ನಾನು ನೋಡ್ಕತೀನಿ, ನೀವು ಮೇಲೆ ಎಷ್ಟು ಬೇಕಾದ್ರೂ ಹಾರಾಡಿ.”

ಅವರು ಜೋರಾಗಿ ನಕ್ಕು, ಇಷ್ಟು ವರ್ಷ ನಾನೇ ಹೊರುತ್ತಿದ್ದ ಬೇಸ್ ಆಂಪ್ಲಿಫೈಯರನ್ನು ತಾವೇ ಎತ್ತಿಕೊಂಡರು. ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟು ಕೆಳಗಿಟ್ಟರು. ಬೇಸಿನ ತೂಕ ಎಷ್ಟೆಂದು ನಮ್ಮ ತಂಡದ ಯಜಮಾನರಿಗೆ ತಿಳಿದದ್ದು ಅಂದೇ.