ವಾರಿಮಾರಿ ಲಕ್ಷ್ಮಿ

ನೀಲಕ್ಕಾ, ನನಗೆ ಗೊತ್ತಿತ್ತು.

ಹೋದ ವಾರ ನೀನು ಕೇಳಿದಾಗ ಇಲ್ಲ ಎಂದೆನಲ್ಲ, ಅದು ಸುಳ್ಳು. ನಮ್ಮ ಜಮಖಂಡಿ ಮನೆಯ ತಲೆಬಾಗಿಲ ಮೇಲೆ ಕೂತಿರುವುದು ಲಕ್ಷ್ಮಿಯಲ್ಲ ಎಂದು ನನಗೆ ಮೊದಲೇ ತಿಳಿದಿತ್ತು — ನಿನ್ನನ್ನು ಆ ಬಾಗಿಲಿಂದ ದೂರ ಇಟ್ಟ ಅಷ್ಟೂ ವರ್ಷ ತಿಳಿದಿತ್ತು.

ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತು ಇನ್ನೂ ತಿಂಗಳಾಗಿಲ್ಲ. ಕಲಿತ ದಿನ ಪಕ್ಕದ ಕೋಣೆಯಿಂದ ಸೊಸೆಗೆ 'ಚಹಾ ಎಲ್ಲಿ' ಎಂದು ಕಳಿಸಿ ಬೈಸಿಕೊಂಡೆ. ಅದನ್ನು ಬಿಟ್ಟರೆ ನಾನು ಬರೆಯುತ್ತಿರುವುದು ಇದೇ. ಮನೆಯವರೆಲ್ಲ ಇರುವ ಗುಂಪಿನಲ್ಲಿ ಹಾಕುತ್ತೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊಮ್ಮಕ್ಕಳಿಗಾಗಿ ಬರೆಯಬೇಕು.

ಈ ಮನೆ ಕಟ್ಟಿಸಿದವರು ನಮ್ಮ ಮಾವನ ಅಜ್ಜ, ಅರಳೆ ವ್ಯಾಪಾರಿ. ರಾಣಿ ಛಾಪಿನ ರೂಪಾಯಿ ನಡೆಯುತ್ತಿದ್ದ ಕಾಲ. ತೊಲೆಯಿಂದ ತೊಲೆಗೆ ಒಂದು ಅಂಕಣ ಎಂದು ಎಣಿಸಿದರೆ ಹನ್ನೆರಡು ಅಂಕಣದ ಮನೆ. ಎರಡು ಮೊಳ ದಪ್ಪದ ಕಲ್ಲು ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕು ಬೀಳಲು ಮಾಳಿಗೆಯಲ್ಲಿ ಬೆಳಕಿಂಡಿ. ಮುಂದೆ ಸಾಗವಾನಿಯ ತಲೆಬಾಗಿಲು, ಆನೆಯಂಥದ್ದು. ಹಿಂದೆ ದನ ಕಟ್ಟುವ ಜಾಗ, ಅದರಾಚೆ ಹಿತ್ತಲ ಬಾಗಿಲು — ಸೊಂಟ ಬಗ್ಗಿಸದೆ ದಾಟುವಂತಿಲ್ಲ, ಕಾಲು ಸಗಣಿಗೆ ತಾಗದೆ ಒಳಗೆ ಬರುವಂತಿಲ್ಲ.

ತಲೆಬಾಗಿಲ ಚೌಕಟ್ಟಿನ ಮೇಲೆ ಕಟ್ಟಿಗೆಯಲ್ಲಿ ಕೆತ್ತಿದ ಹೆಣ್ಣಿನ ಮುಖ. ಬೇರೆ ಮನೆಗಳ ಲಕ್ಷ್ಮಿ ಎದುರಿಗೆ ನೋಡುತ್ತಾಳೆ, ನಮ್ಮವಳು ಪಕ್ಕಕ್ಕೆ ತಿರುಗಿದ್ದಾಳೆ. ಅದಕ್ಕೇ ವಾರಿಮಾರಿ, ಓರೆ ಮುಖದ ಲಕ್ಷ್ಮಿ. ನಮ್ಮ ಅತ್ತೆ ಹೇಳುತ್ತಿದ್ದರು, "ಕೆಟ್ಟದ್ದ ಕಣ್ಣಿಗಿ ಬೀಳಬಾರದಂತ ಮಾರಿ ಹೊರಳಿಸಿ ಕುಂತಾಳ ನಮ್ಮವ್ವ."

ನೀನು ಹಿರಿಯ ಸೊಸೆ, ನಾನು ಕಿರಿಯವಳು. ನಿನ್ನ ಗಂಡ ತೀರಿಹೋದಾಗ ನಿನಗೆ ಇನ್ನೂ ಇಪ್ಪತ್ತೊಂಬತ್ತು, ಗೌರಿಗೆ ಆರು. ಕಾರ್ಯ ಮುಗಿದ ದಿನ ಅತ್ತೆ ಎಲ್ಲರ ಮುಂದೆ ಅಂದರು:

"ನೀಲವ್ವಾ, ಇನ್ನ ಮ್ಯಾಲ ನೀ ಹಿತ್ತಲದಾಗಿಂದ ಅಡ್ಡಾಡು. ನಿನ್ನ ನೋಡಿ ಲಕ್ಷ್ಮಿ ಪೂರಾ ಬೆನ್ನ ತಿರಿಗಿಸಿದರ ಮನಿ ಗತಿ ಏನಬೇ?"

ನೀನು ಸೊಂಟದ ಬೀಗದ ಕೈಗೊಂಚಲು ಬಿಚ್ಚಿ ಕೆಳಗಿಟ್ಟೆ. ಅದನ್ನು ನಾನು ಎತ್ತಿಕೊಂಡೆ.

ಆ ದೀಪಾವಳಿಗೆ ಬಾಗಿಲು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಅದು ನಿನ್ನದು. ಸ್ಟೂಲು ಹತ್ತಿ ನೋಡಿದರೆ ಲಕ್ಷ್ಮಿಯ ಮೈತುಂಬ ಕುಂಕುಮ, ಎಣ್ಣೆ, ಹೊಗೆ, ಸತ್ತ ಇರುವೆ — ನೂರು ವರ್ಷದ ಜಿಡ್ಡು. ತಲೆಪಿನ್ನಿನಿಂದ ಕೆರೆದೆ. ಬಳ್ಳಿಯಂಥದ್ದು ಏನೋ ಕಂಡಿತು. ಇನ್ನಷ್ಟು ಕೆರೆದೆ. ಬಳ್ಳಿಯಲ್ಲ, ಇಂಗ್ಲಿಷ್ ಅಕ್ಷರ! ಏಳನೇ ಇಯತ್ತೆವರೆಗೆ ಶಾಲೆ ಕಲಿತವಳು ನಾನು, ಒಂದೊಂದೇ ಕೂಡಿಸಿ ಓದಿದೆ. ವಿಕ್ಟೋರಿಯಾ.

ಇಳಿದು ಹೋಗಿ ದೇವರ ಜಗಲಿಯ ಮೇಲೆ ಪೂಜೆಗಿಟ್ಟಿದ್ದ ಹಳೆಯ ರೂಪಾಯಿ ತಂದೆ. ಅದೇ ಮೂಗು, ಅದೇ ತುರುಬು, ಅದೇ ಕಿರೀಟ. ಆಗ ಹೊಳೆಯಿತು. ಮುತ್ತಜ್ಜ ಬಡಿಗೇರನ ಕೈಗೆ ಒಂದು ರೂಪಾಯಿ ಇಟ್ಟು 'ಬಾಗಿಲಿಗೆ ಲಕ್ಷ್ಮಿ ಕೆತ್ತಪಾ' ಅಂದಿರಬೇಕು. ರೂಪಾಯಿಯೇ ಲಕ್ಷ್ಮಿಯಲ್ಲವೆ — ಆ ಪುಣ್ಯಾತ್ಮ ಅದರ ಮೇಲಿದ್ದ ಮುಖವನ್ನೇ ಕೆತ್ತಿಟ್ಟ, ಅಕ್ಷರವನ್ನು ಹೂಬಳ್ಳಿ ಎಂದು ತಿಳಿದು ಅದನ್ನೂ ಕೆತ್ತಿದ!

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಿನಗೇ ಮೊದಲು ಹೇಳಬೇಕೆಂದು ಓಡಿದೆ. ನಂಬು, ಓಡಿದೆ. ಪಡಸಾಲೆಯ ನಡುವೆ ಸೊಂಟದ ಬೀಗದ ಕೈ ಗಲಗಲ ಅಂದಿತು. ನಿಂತುಬಿಟ್ಟೆ. ನೀನು ಮತ್ತೆ ಮುಂದಿನ ಬಾಗಿಲಿಂದ ಬರತೊಡಗಿದರೆ — ಬಂದವರೆಲ್ಲ ಮತ್ತೆ 'ನೀಲವ್ವ ಎಲ್ಲಿ, ನೀಲವ್ವನ ಕೈಯಡುಗೆ' ಎಂದು ಕೇಳತೊಡಗಿದರೆ — ನಾನು ಮತ್ತೆ ಕಿರಿಯವಳು.

ತಿರುಗಿ ಬಂದೆ. ಎಣ್ಣೆಯಲ್ಲಿ ಕುಂಕುಮ ಕಲಸಿ ಒಂದೊಂದೇ ಅಕ್ಷರದೊಳಗೆ ಹೆಬ್ಬೆಟ್ಟಿನಿಂದ ಒತ್ತಿ ಮುಚ್ಚಿದೆ. ಆ ಕಮಟು ಜಿಡ್ಡು ಉಗುರಿನಲ್ಲಿ ನಾಲ್ಕು ದಿನ ಇತ್ತು. ಅದೇ ಕೈಯಿಂದ ಊಟ ಮಾಡಿದೆ, ನಿನಗೂ ಬಡಿಸಿದೆ. ಈಗ ಅದೇ ಹೆಬ್ಬೆಟ್ಟಿನಿಂದ ಇದನ್ನು ಒತ್ತುತ್ತಿದ್ದೇನೆ. ಥೂ.

ಹದಿನಾಲ್ಕು ವರ್ಷದ ಮೇಲೆ ಗೌರಿಯ ಮದುವೆ. ರಬಕವಿಯ ಬೀಗರು ಅವಳನ್ನು ಕರೆದುಕೊಂಡು ಹೊರಟರು. ಮಗಳು ತಲೆಬಾಗಿಲು ದಾಟುವಾಗ ಆರತಿ ಹಿಡಿದವಳು ನಾನು. ನೀನು ಹಿತ್ತಲಿಂದ ಹೊರಬಿದ್ದು ಓಣಿ ಸುತ್ತಿಕೊಂಡು ಬರಬೇಕಿತ್ತು. ಜೀಪಿನಲ್ಲಿ ಕೂತ ಗೌರಿ ನನ್ನನ್ನು ಕೇಳಿದಳು:

"ಕಾಕು, ಅವ್ವ ಎಲ್ಲಿ?"

"ಅಳ್ತಾ ಒಳಗ ಕುಂತಾಳವ್ವಾ. ನೀ ನಡಿ, ಹೊತ್ತಾಗ್ತೈತಿ."

ಒಳಗೆ ಕೂತಿರಲಿಲ್ಲ ನೀನು. ಜೀಪು ತಿರುವು ದಾಟಿದ ಮೇಲೆ ಓಣಿಯ ತುದಿಯಲ್ಲಿ ಏದುಸಿರು ಬಿಡುತ್ತ ಕಾಣಿಸಿದೆ. ಕಾಲಿಗೆ ಸಗಣಿ, ಕೈಯಲ್ಲಿ ಮಗಳಿಗೆಂದು ಕಟ್ಟಿದ ಬುತ್ತಿ. ಜೀಪನ್ನು ಒಂದು ನಿಮಿಷ ತಡೆದಿದ್ದರೆ ಆಗುತ್ತಿತ್ತು. ನಾನು ತಡೆಯಲಿಲ್ಲ.

ಇನ್ನೂ ಇದೆ. ಅತ್ತೆ ತೀರಿಹೋದ ಮೇಲೆ ಈ ಮನೆಯಲ್ಲಿ ನನ್ನ ಮಾತೇ ಮಾತು. ಆಗಲೂ ಬಾಯಿ ಬಿಡಲಿಲ್ಲ. ನೀನು ಬೇಸತ್ತು ಗೌರಿಯ ಮನೆ ಸೇರಿದೆ. ಆಮೇಲೆ ನನ್ನ ಗಂಡನೂ ಹೋದರು. ತಿಂಗಳು ಕಳೆಯುವುದರೊಳಗೆ ಅದೇ ತಲೆಬಾಗಿಲಿಂದ ಸೆರಗು ಹೊದ್ದು ಆರಾಮವಾಗಿ ಸಂತೆಗೆ ಹೋದೆ. "ಈಗ ಕಾಲ ಬದಲಾಗೇತಿ" ಎಂದು ನಾನೇ ಅಂದೆ. ಯಾರೂ ಎದುರಾಡಲಿಲ್ಲ. ಹಾಗಾದರೆ ನೀಲಕ್ಕನನ್ನೂ ಕರೆಯೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು — ಹೊಳೆದೂ ಸುಮ್ಮನಿದ್ದೆ.

ಹೋದ ವಾರ ಹಳೆಯ ಮನೆಗಳ ನಕ್ಷೆ ಬರೆಯುವ ಹುಡುಗಿಯೊಬ್ಬಳು ಬಂದಳು. ತೊಲೆ ಅಳೆದಳು, ಗೋಡೆ ಅಳೆದಳು, ಬ್ರಶ್ ಹಿಡಿದು ಲಕ್ಷ್ಮಿಯನ್ನು ತೊಳೆದು 'ವಿಕ್ಟೋರಿಯಾ' ಎಂದು ಜೋರಾಗಿ ಓದಿದಳು. ಮನೆಯೆಲ್ಲ ನಗೆಯೋ ನಗೆ. ನಾನೂ ಗಲ್ಲದ ಮೇಲೆ ಕೈಯಿಟ್ಟು, "ಅಯ್ಯ ನಮ್ಮವ್ವನ, ಇಷ್ಟ ದಿನ ಗೊತ್ತಽ ಆಗಿಲ್ಲ ನೋಡ" ಎಂದೆ. ಎಷ್ಟು ಚೆಂದ ನಟಿಸಿದೆ! ಆ ಹುಡುಗಿ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಅಜ್ಜಿ, ಈ ರಾಣಿ ಗಂಡ ಸತ್ತಮ್ಯಾಲ ನಲ್ವತ್ತ ವರ್ಷ ಕರೀ ಬಟ್ಟೀನ ಉಡ್ತಿದ್ಲಂತ್ರಿ."

ಒಬ್ಬ ವಿಧವೆಗೆ ದಿನಾ ಕುಂಕುಮ ಬಳಿದು ಕೈಮುಗಿದೆವು, ಅವಳ ಕಣ್ಣಿಗೆ ಬೀಳಬಾರದೆಂದು ಇನ್ನೊಬ್ಬ ವಿಧವೆಯನ್ನು ಸಗಣಿಯಲ್ಲಿ ನಡೆಸಿದೆವು. ಉಳಿದವರು ತಿಳಿಯದೆ ಮಾಡಿದರು. ನಾನು ತಿಳಿದು ಮಾಡಿದೆ.

ಆ ಸಂಜೆ ಗುಂಪಿನಲ್ಲಿ ಫೋಟೋ ನೋಡಿ ನೀನು ದನಿ ಕಳಿಸಿದೆ. ಹಿಂದೆ ಗೌರಿಯ ಮನೆಯ ಮಗ್ಗಗಳ ಸಪ್ಪಳ.

"ಕಮಲಾ, ದಿನಾ ಅದರ ಮುಂದ ನಿಂತಾಕಿ ನೀ. ನಿನಗ ಒಮ್ಮಿನೂ ಕಂಡಿಲ್ಲೇನಬೇ?"

"ಇಲ್ಲಬೇ ಅಕ್ಕಾ" ಎಂದು ನಾನೂ ದನಿಯಲ್ಲೇ ಕಳಿಸಿದೆ. ಮೂರು ನಗುವ ಮುಖ ಕೂಡ ಕಳಿಸಿದೆ.

ಈ ಫೋನು ನಾನು ಬರೆಯುವ ಮೊದಲೇ ಮುಂದಿನ ಮಾತು ತೋರಿಸುತ್ತದೆ. 'ಕ್ಷಮಿಸು' ಎಂದು ಎರಡು ಸಲ ತೋರಿಸಿತು. ಒತ್ತಲಿಲ್ಲ. ಅಷ್ಟು ಸುಲಭಕ್ಕೆ ಸಿಗುವ ಮಾತು ನಿನಗೆ ಕೊಡುವಂಥದ್ದಲ್ಲ. ಮುಂದಿನ ಬಾಗಿಲಿಂದ ಬಾ ಎಂದೂ ಕರೆಯುವುದಿಲ್ಲ. ಕರೆಯಲು ಆ ಬಾಗಿಲು ಎಂದೂ ನನ್ನದಾಗಿರಲಿಲ್ಲ.

ಅಕ್ಷರ ಓದಲಾಗದಷ್ಟು ನಿನಗೆ ಕಣ್ಣು ಮಸುಕು. ಇದನ್ನು ಗೌರಿಯೇ ಜೋರಾಗಿ ಓದಿ ಹೇಳಬೇಕು, ಜೀಪಿನ ಮಾತೂ ಅವಳ ಬಾಯಿಂದಲೇ ಬರಬೇಕು. ಅದು ಗೊತ್ತಿದ್ದೇ ಬರೆದಿದ್ದೇನೆ. ಕಳಿಸುತ್ತೇನೆ. ಅವಳೂ ಓದಿದಳೆಂಬ ನೀಲಿ ಗುರುತು ಬೀಳುವವರೆಗೂ ಇಲ್ಲಿಂದ ಏಳುವುದಿಲ್ಲ.